ದಬ್ಬಣ ಬಲಗಡೆಯಿಂದ ಬರಬೇಕಿತ್ತು: ಲಕಾನ್ ದಿಂಬು, ಮೂರನೇ ಯತ್ನ

ಫ್ರೆಂಚ್ ಮನೋವಿಶ್ಲೇಷಕ ಲಕಾನ್‌ನ ಒಂದು ವಿಚಾರವನ್ನು ದಿಂಬಿನ ಮೇಲೆ ಹೊಲಿದು ನೋಡೋದು ನನ್ನ ಹಟ. ಕೊನೆಗೂ ದಿಂಬಿನ ಮೇಲಿನ ಬಾಣಗಳು ತಿರುಗಿದವು. ರಾತ್ರಿ ಹನ್ನೊಂದೂವರೆಗೆ. ಬೆರಳಿಗೆ ದಬ್ಬಣ ಚುಚ್ಚಿದ್ದು ಮೂರು ಸಲ.

ಬಟ್ಟೆ ಕತ್ತರಿಸಿದ್ದು, ಹತ್ತಿ ತುಂಬಿದ್ದು ಎಲ್ಲ ನಿಮಗೆ ಗೊತ್ತಿರೋದೇ, ಬಿಟ್ಟುಬಿಡುತ್ತೇನೆ. ನನ್ನ ತಲೆ ತಿಂದದ್ದು ಒಂದೇ ಹೊಲಿಗೆ. ಲಕಾನ್ 1955-56ರ ಸೆಮಿನಾರಿನಲ್ಲಿ ಗಾದಿ ಹೊಲಿಯುವವರಿಂದ ಕಡ ತಂದ ಗುಂಡಿ ಹೊಲಿಗೆ. ಮೇಲೆ ಪದಗಳು ಜಾರುತ್ತಿರುತ್ತವೆ, ಕೆಳಗೆ ಅರ್ಥಗಳು ಜಾರುತ್ತಿರುತ್ತವೆ, ಗುಂಡಿ ಎರಡನ್ನೂ ಸೇರಿಸಿ ಹಿಡಿಯುತ್ತದೆ. ಓದುವಾಗ ಸಲೀಸು. ದಾರ ಹಿಡಿದು ಕೂತರೆ ಗೊತ್ತಾಗುತ್ತದೆ.

ನನ್ನ ದಿಂಬಿನ ಮೇಲೆ ಬಾಣದ ಆಕಾರದ ಐದು ಬಟ್ಟೆ ತುಂಡುಗಳಿವೆ: ಸ್ವಾತಂತ್ರ್ಯ, ನ್ಯಾಯ, ಪರಿಸರ, ಭದ್ರತೆ, ಜನ. ಪ್ರತಿಯೊಂದಕ್ಕೂ ನಡುವೆ ಒಂದೇ ಹೊಲಿಗೆ, ಗಿರಗಿರ ತಿರುಗಲಿ ಅಂತ. ಈ ಪದಗಳು ಇರೋದೇ ಹಾಗೆ ಅಲ್ವಾ? ಪರಿಸರವನ್ನೇ ನೋಡಿ. ಲಾಭದ ಹಪಾಹಪಿಯೇ ರೋಗ ಅನ್ನುವವರ ಕೈಗೆ ಸಿಕ್ಕರೆ ಅದು ಸಮಾಜವಾದಿ. ಹಳೆಯ ಬದುಕಿಗೆ ಮರಳೋಣ ಅನ್ನುವವರಿಗೆ ಸಿಕ್ಕರೆ ಸಂಪ್ರದಾಯವಾದಿ. ತೆರಿಗೆ ಹಾಕಿ, ಮಾರುಕಟ್ಟೆ ತಾನೇ ದಾರಿಗೆ ಬರುತ್ತದೆ ಅನ್ನುವವರ ಕೈಯಲ್ಲಿ ಉದಾರವಾದಿ. ಸ್ಲೊವೇನಿಯಾದ ತತ್ವಜ್ಞಾನಿ ಝಿಝೆಕ್ 1989ರಲ್ಲಿ ಗುಂಡಿ ಹೊಲಿಗೆಯನ್ನು ರಾಜಕೀಯಕ್ಕೆ ತಂದಾಗ ಎತ್ತಿಕೊಂಡದ್ದೂ ಪರಿಸರವನ್ನೇ.

ಮೊದಲನೇ ಯತ್ನದಲ್ಲಿ ಪ್ರತಿ ಪದಕ್ಕೂ ಒಂದು ಗುಂಡಿ ಹಾಕಿದೆ. ನೋಡಲು ಚೆಂದ, ಆದರೆ ನಿಘಂಟು. ಎಲ್ಲ ತಮ್ಮ ಪಾಡಿಗೆ ತಾವು ಕೂತಿದ್ದವು, ಪಕ್ಕದವರ ಗೊಡವೆಯೇ ಇಲ್ಲ. ಎರಡನೇ ಸಲ ಗುಂಡಿ ಒಂದೇ, ಎಡತುದಿಯಲ್ಲಿ. ದಾರ ಎಳೆದರೆ ಸ್ವಾತಂತ್ರ್ಯ ಸ್ವಲ್ಪ ಅಲುಗಾಡಿತು. ಉಳಿದವು ಮುಷ್ಕರ ಹೂಡಿದವು.

ಇಲ್ಲಿ ಗುಂಡಿ ಕಳಿಸಿದ ಪುಣ್ಯಾತ್ಮನ ಬಗ್ಗೆ ಒಂದು ಮಾತು. ನಾನು ಕೇಳಿದ್ದು ಹಿಂದೆ ಕೊಂಡಿ ಇರುವ ಗುಂಡಿ. ಬಂದದ್ದು ಅಂಗಿಗೆ ಹಾಕುವ ನಾಲ್ಕು ತೂತಿನದು. ಹೀಗಾಗಿದ್ದು ಇದೇ ಮೊದಲಲ್ಲ, ಮೂರನೇ ಸಲ. ಹಾಗಾದರೆ ಅವನ ಹತ್ತಿರವೇ ಯಾಕೆ ತರಿಸಿದೆ? ಫ್ರೆಂಚ್ ಮನೋವಿಶ್ಲೇಷಕ ಮನೋನಿ 1964ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ: ನನಗೆ ಚೆನ್ನಾಗಿ ಗೊತ್ತು, ಆದರೂ... ಎಲ್ಲ ರಾಜಕಾರಣಿಗಳೂ ಸುಳ್ಳು ಹೇಳುತ್ತಾರೆ ಅಂತ ಗೊತ್ತಿದ್ದೂ ನಮ್ಮವನ ಭಾಷಣಕ್ಕೆ ಚಪ್ಪಾಳೆ ತಟ್ಟುವುದನ್ನು ವಿವರಿಸಲು ಆ ಸೂತ್ರ ಬೇಕು. ಗುಂಡಿ ಆರ್ಡರ್ ಮಾಡುವುದನ್ನು ವಿವರಿಸಲೂ ಅದೇ ಸಾಕು.

ಸರಿ, ಹೊಲಿಗೆಗೆ ಬರೋಣ. ಲಕಾನ್‌ನ 1960ರ ಪ್ರಬಂಧದ ಮೊದಲ ಚಿತ್ರವನ್ನು ನಾನು ನೂರು ಸಲ ನೋಡಿದ್ದೆ. ಪದಗಳ ಸರಪಳಿ ಎಡದಿಂದ ಬಲಕ್ಕೆ ಹೋಗುತ್ತದೆ. ಇನ್ನೊಂದು ಗೆರೆ ಬಲಗಡೆ ಕೆಳಗಿನಿಂದ ಹೊರಟು, ಸರಪಳಿಯನ್ನು ಮೊದಲು ಕೊನೆಯ ಹತ್ತಿರ ದಾಟಿ, ಹಿಂದಕ್ಕೆ ಬಾಗಿ, ಆರಂಭದ ಹತ್ತಿರ ಮತ್ತೆ ದಾಟಿ ಕೆಳಗಿಳಿಯುತ್ತದೆ. ಚಿತ್ರವನ್ನು ಸುಮ್ನೆ ಚಿತ್ರವಾಗಿ ನೋಡಿದ್ದೆ. ಅದು ದಬ್ಬಣ ಹೋಗುವ ದಾರಿ ಅಂತ ಹೊಳೆದಿರಲೇ ಇಲ್ಲ.

ಹೊಳೆದದ್ದು ಫೋನಿನಲ್ಲಿ ಮಾತಾಡುವಾಗ. ಆ ಕಡೆಯಿಂದ ಗೆಳೆಯ ಹೇಳುತ್ತಿದ್ದ: "ಅವರು ಜನರಿಗಾಗಿ ಹಗಲು ರಾತ್ರಿ ದುಡಿದರು, ಒಂದು ಪೈಸೆ ಮುಟ್ಟಲಿಲ್ಲ ಅನ್ನೋದೆಲ್ಲ..." ಇಲ್ಲಿ ಲೈನ್ ಕೆಮ್ಮಿತು. "...ಸುಳ್ಳು." ಆ ಒಂದು ಪದ ಬರುವವರೆಗೆ ನಾನು ಹೂಂಗುಟ್ಟುತ್ತಿದ್ದೆ. ಬಂದ ಮೇಲೆ ಅದು ಹಿಂದಕ್ಕೆ ಹೋಗಿ ಇಡೀ ವಾಕ್ಯವನ್ನು ಮಗುಚಿ ಹಾಕಿತು. ಕ್ರಿಯಾಪದವನ್ನೂ 'ಇಲ್ಲ'ವನ್ನೂ ಕೊನೆಗೇ ಇಟ್ಟುಕೊಳ್ಳುವ ಭಾಷೆಯಲ್ಲಿ ದಿನವಿಡೀ ಮಾತಾಡುವ ನನಗೆ ಇದು ಗೊತ್ತಾಗಲು ಎರಡು ದಿಂಬು ಹಾಳಾಗಬೇಕಾಯಿತು.

ಫೋನ್ ಇಟ್ಟವನೇ ಹಳೆ ಹೊಲಿಗೆ ಬಿಚ್ಚಿದೆ. ಗುಂಡಿಯನ್ನು ಬಲತುದಿಗೆ ಇಟ್ಟೆ. ದಬ್ಬಣವನ್ನು 'ಜನ'ದ ಹಿಂದಿನಿಂದ ಮೇಲೆತ್ತಿ, ಗುಂಡಿಯೊಳಗಿಂದ ತಂದು, ಪ್ರತಿ ಬಾಣದ ಮೂತಿಗೂ ದಾರ ಪೋಣಿಸುತ್ತ ಎಡಕ್ಕೆ ಬಂದು, 'ಸ್ವಾತಂತ್ರ್ಯ'ದ ಹತ್ತಿರ ಕೆಳಗಿಳಿಸಿದೆ. ಚಿತ್ರದಲ್ಲಿ ಗೆರೆ ದಾಟುವುದು ಎರಡೇ ಕಡೆ. ಶುದ್ಧವಾದಿಗಳು ಕ್ಷಮಿಸಲಿ. ಆಮೇಲೆ ದಾರದ ಗುಂಡಿಕಡೆಯ ತುದಿ ಹಿಡಿದು ಎಳೆದೆ. ಐದೂ ಬಾಣಗಳು ಒಟ್ಟಿಗೆ ಬಲಕ್ಕೆ ಮುಖ ಮಾಡಿದವು.

ಗುಂಡಿಯ ಮೇಲೆ ಏನು ಬರೆಯೋದು? ಮೊದಲು 'ದೇಶ' ಅಂತ ಬರೆದಿದ್ದೆ, ಅಳಿಸಿದೆ. ಲಕಾನ್ ತಾನೇ ಗುಂಡಿಯಾಗುವ ಪದಕ್ಕೆ ಉದಾಹರಣೆಯಾಗಿ ಫ್ರೆಂಚ್ ನಾಟಕಕಾರ ರಸೀನ್‌ನ 1691ರ ನಾಟಕದಿಂದ 'ಭಯ'ವನ್ನು ಎತ್ತಿಕೊಂಡಿದ್ದ. ಅಲ್ಲಿ ಸೇನಾಧಿಕಾರಿಯೊಬ್ಬ ನೂರೆಂಟು ಅಂಜಿಕೆ ಹೊತ್ತು ಬರುತ್ತಾನೆ. ಅರ್ಚಕ ತನಗಿರೋದು ದೇವರ ಭಯ ಒಂದೇ ಅನ್ನುತ್ತಾನೆ. ನೂರು ಭಯ ಹೋಗಿ ಒಂದಾಗುತ್ತದೆ, ಆ ಒಂದು ಧೈರ್ಯದ ಹಾಗೆ ಕೆಲಸ ಮಾಡುತ್ತದೆ. ಕೊನೆಗೆ ಗುಂಡಿಯನ್ನು ಖಾಲಿ ಬಿಟ್ಟೆ. ಅದು ಏನನ್ನೂ ಹೇಳಬೇಕಾಗಿಲ್ಲ, ಹಿಡಿದರೆ ಸಾಕು. ಗಂಟು ಮಾತ್ರ ಜಾರುಗಂಟು. ಯಾವ ಹಿಡಿತವೂ ಪೂರ್ತಿ ಅಲ್ಲ ಅಂತ ರಾಜಕೀಯ ಚಿಂತಕರಾದ ಲಕ್ಲಾವ್ ಮತ್ತು ಮೂಫ್ 1985ರಲ್ಲೇ ಹೇಳಿದ್ದಾರೆ. ನಾಳೆ ಇನ್ನೊಬ್ಬರು ಬಿಚ್ಚಿ ಬೇರೆ ಕಡೆ ಎಳೆಯಬಹುದು.

ಅಂದಹಾಗೆ ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ: 1950ರಲ್ಲಿ ಜರ್ಮನ್ ಚಿಂತಕ ಅಡಾರ್ನೊ ಮತ್ತು ಸಂಗಡಿಗರು ಪ್ರಕಟಿಸಿದ ಎಫ್ ಮಾಪಕ, ಅಂದರೆ ಸರ್ವಾಧಿಕಾರಕ್ಕೆ ಒಲಿಯುವ ಮನಸ್ಸನ್ನು ಅಳೆಯುವ ಪ್ರಶ್ನಾವಳಿ, ಮರದ ಹಲಗೆಯ ಮೇಲೆ. ಪ್ರತಿ ಹೇಳಿಕೆಗೂ ಆರು ತೂತು, ಪೂರ್ತಿ ಒಪ್ಪುವ +3ರಿಂದ ಸುತರಾಂ ಒಪ್ಪದ -3ರವರೆಗೆ, ನಡುವೆ ಸೊನ್ನೆ ಇಲ್ಲ. ಅದರ ದೊಡ್ಡ ತೊಂದರೆ ನಿಮಗೆ ಗೊತ್ತು. ಹೇಳಿಕೆಗಳೆಲ್ಲ ಒಂದೇ ದಿಕ್ಕಿಗಿವೆ, ಎಲ್ಲದಕ್ಕೂ ಹೂಂ ಅನ್ನುವ ಸಾಧು ಪ್ರಾಣಿಗೂ ಅಂಕ ಜಾಸ್ತಿ. ಅರ್ಧ ಹೇಳಿಕೆಗಳನ್ನು ತಿರುಗಿಸಿ ಬರೆಯಬೇಕು. ಮಕ್ಕಳಿಗೆ ವಿಧೇಯತೆಯೇ ದೊಡ್ಡ ಗುಣ ಅನ್ನೋದರ ಉಲ್ಟಾ ಏನು? ಅಲ್ಲೇ ನಿಂತಿದ್ದೇನೆ.

ದಿಂಬಿನಲ್ಲಿ ಒಂದು ಸುಕ್ಕು ಉಳಿದಿದೆ. ದಾರ ಬಿಗಿಯಾದಷ್ಟೂ ಎಡಮೂಲೆಯಲ್ಲಿ ಬಟ್ಟೆ ಮುದುಡುತ್ತದೆ. ಇಸ್ತ್ರಿ ಮಾಡಿದೆ, ಕೆಳಮೂಲೆಗೆ ಹೋಯಿತು. ಅದನ್ನು ಒತ್ತಿದೆ, ನಡುವೆ ಎದ್ದಿತು. ಅರ್ಧ ಗಂಟೆ ಆ ಗುಂಡಿಯವನಿಗೆ ಶಾಪ ಹಾಕಿದೆ. ಅವನೊಬ್ಬ ಸರಿಯಿದ್ದಿದ್ದರೆ ನನ್ನ ದಿಂಬು ಕನ್ನಡಿಯಂತೆ ಇರುತ್ತಿತ್ತು! ಈ ವಾಕ್ಯ ಬಾಯಿಂದ ಹೊರಬಿದ್ದ ಮೇಲೆ ನನಗೇ ನಗು ಬಂತು. ಸಮಾಜ ಅನ್ನೋದನ್ನು ಸುಕ್ಕಿಲ್ಲದೆ ಹೊಲಿಯಲು ಆಗೋದಿಲ್ಲ, ರಾಜಕೀಯ ಸಿದ್ಧಾಂತ ಆ ಸುಕ್ಕಿಗೆ ಒಬ್ಬ ಅಪರಾಧಿಯನ್ನು ಹುಡುಕಿ ಕೊಡುತ್ತದೆ ಅಂತ ಟಿಪ್ಪಣಿ ಪುಸ್ತಕದಲ್ಲಿ ನಾನೇ ಬರೆದಿಟ್ಟಿದ್ದೆ, ಕೆಂಪು ಶಾಯಿಯಲ್ಲಿ. ಕೊಂಡಿ ಇರುವ ಹಳೆಯ ಗುಂಡಿಯೊಂದನ್ನು ಹಾಕಿ ನೋಡಿದೆ. ಸುಕ್ಕು ಅಷ್ಟೇ ಇತ್ತು.

ಹಾಗಂತ ನಾಲ್ಕು ತೂತಿನವನ್ನು ಇಟ್ಟುಕೊಂಡಿಲ್ಲ. ಬೆಳಿಗ್ಗೆ ವಾಪಸು ಕಳಿಸಿದೆ.