ಮೂಲವ್ಯಾಧಿ ಎಂದು ನಾವೇ ಹೇಳಿಕೊಳ್ಳುವ ಮೊದಲು

ರಬಕವಿ-ಬನಹಟ್ಟಿಯ ನಮ್ಮ ನೇಕಾರ ಓಣಿಗಳಲ್ಲಿ ಯಾರಿಗಾದರೂ ಮಲದೊಂದಿಗೆ ರಕ್ತ ಹೋದರೆ, ಕಾರಣ ಹುಡುಕುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಖಾರ ಹೆಚ್ಚಾಗಿದೆ, ಮೈಗೆ ಉಷ್ಣ ಏರಿದೆ, ದಿನವಿಡೀ ಕೂತು ಕಂಡಿಕೆ ಸುತ್ತಿದ್ದರಿಂದ ಮೂಲವ್ಯಾಧಿ ಆಗಿದೆ ಎಂಬ ಉತ್ತರಗಳು ಮನೆಮನೆಯಲ್ಲೂ ಸಿದ್ಧವಾಗಿವೆ. ಎರಡು ದಿನ ಮಜ್ಜಿಗೆ ಕುಡಿದು, ಮೆಣಸಿನಕಾಯಿ ಬಿಟ್ಟು, ರಕ್ತ ನಿಂತರೆ ವಿಷಯ ಅಲ್ಲಿಗೆ ಮುಗಿಯಿತು. ನಿಲ್ಲದಿದ್ದರೆ ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುತ್ತೇವೆಂದು ಗೋಡೆಯ ಮೇಲೆ ಬರೆಸಿದವರ ಬಾಗಿಲಿಗೆ ಹೋಗುತ್ತಾರೆ. ಬಹಳಷ್ಟು ಸಲ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಹಾಗೆ ಆಗಿರದ ಸಂದರ್ಭಗಳಲ್ಲಿ ಒಳಗೆ ಬೆಳೆಯುತ್ತಿರುವುದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಆಗಿರಬಹುದು, ಮತ್ತು ಇವೆರಡರ ವ್ಯತ್ಯಾಸವನ್ನು ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ನಾನು ವೈದ್ಯೆಯಲ್ಲ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು; ಈಗ ನಮ್ಮ ಓಣಿಯ ಮಹಿಳಾ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಘದಲ್ಲಿ ಕೂತಾಗ ಕಿವಿಗೆ ಬೀಳುವ ಮಾತುಗಳು, ನಮ್ಮ ಮನೆಯಲ್ಲಿಯೇ ಕಂಡ ಒಂದು ಕಾಯಿಲೆ, ಆ ನಂತರ ವೈದ್ಯರನ್ನು ಕೇಳಿ ತಿಳಿದುಕೊಂಡ ಸಂಗತಿಗಳು, ಇವುಗಳ ಬಲದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟು: ಐವತ್ತು ದಾಟಿದವರು, ಮನೆತನದಲ್ಲಿ ಈ ಕಾಯಿಲೆ ಬಂದಿದ್ದರೆ ಇನ್ನೂ ಚಿಕ್ಕವರೂ, ಯಾವ ತೊಂದರೆ ಇಲ್ಲದಿದ್ದರೂ ಕರುಳಿನ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಬೇಕು, ರಕ್ತ ಕಂಡವರು ವಯಸ್ಸು ಎಷ್ಟೇ ಇರಲಿ, ತಪಾಸಣೆಯ ಸರದಿಗಾಗಿ ಕಾಯದೆ ನೇರವಾಗಿ ವೈದ್ಯರ ಬಳಿ ಹೋಗಬೇಕು.

ಈ ಕ್ಯಾನ್ಸರ್ ಜಗತ್ತಿನಲ್ಲಿ ಅಪರೂಪದ್ದೇನಲ್ಲ. 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಸುಮಾರು 19 ಲಕ್ಷ ಜನರಲ್ಲಿ ಹೊಸದಾಗಿ ಇದು ಪತ್ತೆಯಾಯಿತು, 9 ಲಕ್ಷಕ್ಕೂ ಹೆಚ್ಚು ಜನ ಇದರಿಂದ ತೀರಿಕೊಂಡರು. ನಮ್ಮ ದೇಶದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ ಎಂಬುದು ನಿಜ, ಆದರೆ ಬಂದವರಲ್ಲಿ ಅನೇಕರು ಕಾಯಿಲೆ ಮುಂದುವರಿದ ಮೇಲೆಯೇ ಆಸ್ಪತ್ರೆ ಸೇರುತ್ತಾರೆ. ನನಗೆ ಹೆಚ್ಚು ನೋವು ಕೊಡುವುದು ಇದೇ, ಏಕೆಂದರೆ ಕರುಳಿನ ಕ್ಯಾನ್ಸರ್ ನಮಗೆ ಸಾಕಷ್ಟು ಕಾಲಾವಕಾಶ ಕೊಟ್ಟು ಬರುವ ಕಾಯಿಲೆ. ಬಹುಪಾಲು ಪ್ರಕರಣಗಳಲ್ಲಿ ಅದು ಕರುಳಿನ ಒಳಪದರದ ಮೇಲೆ ಏಳುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವು ಸಾಮಾನ್ಯವಾಗಿ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಆ ಅವಧಿಯಲ್ಲಿ ಗಂಟನ್ನು ಕಂಡು ತೆಗೆದುಹಾಕಿದರೆ ಕ್ಯಾನ್ಸರ್ ಹುಟ್ಟುವುದೇ ಇಲ್ಲ. ಹುಟ್ಟಿದ್ದರೂ ಮೊದಲ ಹಂತದಲ್ಲಿ ಪತ್ತೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಯಕೃತ್ತು ಅಥವಾ ಶ್ವಾಸಕೋಶಕ್ಕೆ ಹರಡಿದ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಇಂಥ ಗಂಟುಗಳು ಮತ್ತು ಗೆಡ್ಡೆಗಳು ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ರಕ್ತ ಸೋರುವುದರಿಂದ ಮಲ ಪರೀಕ್ಷೆಯಿಂದ ಅವುಗಳ ಸುಳಿವು ಹಿಡಿಯಬಹುದು. ಅಮೆರಿಕದ ಮಿನೆಸೋಟಾದಲ್ಲಿ 50ರಿಂದ 80 ವರ್ಷ ವಯಸ್ಸಿನ 46,551 ಜನರನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಪ್ರತಿವರ್ಷ ಮಲ ಪರೀಕ್ಷೆಗೆ ಕರೆಯಲ್ಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವುಗಳು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಜಪಾನ್ ದೇಶವು 1992ರಿಂದಲೇ 40 ದಾಟಿದವರಿಗೆ ಈ ಪರೀಕ್ಷೆಯನ್ನು ನಡೆಸುತ್ತಿದೆ. ಇಂಗ್ಲೆಂಡಿನಲ್ಲಿ 50ರಿಂದ 74 ವಯಸ್ಸಿನವರ ಮನೆಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಬರುತ್ತದೆ. ಮಾದರಿ ತೆಗೆದು ಅಂಚೆಯಲ್ಲಿಯೇ ಹಿಂದಿರುಗಿಸಿದರಾಯಿತು.

ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಸರ್ಕಾರವು 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆ ಮಾಡಿಸುತ್ತದೆ, ಆಶಾ ಕಾರ್ಯಕರ್ತೆಯರು ಅದಕ್ಕಾಗಿ ಮನೆಮನೆಗೆ ಬಂದು ಫಾರಂ ತುಂಬುತ್ತಾರೆ. ಆ ಪಟ್ಟಿಯಲ್ಲಿ ಕರುಳಿನ ಕ್ಯಾನ್ಸರ್ ಸೇರಿಲ್ಲ. ಹೀಗಾಗಿ ಈ ಪರೀಕ್ಷೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ, ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಕೇಳಬೇಕೆಂದರೆ ಬಾಯಿ ಬಿಡಬೇಕು, ಮತ್ತು ನಮ್ಮ ಕಡೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಸಂಘದ ಸಭೆಯಲ್ಲಿ ನಾನು ಈ ವಿಷಯವನ್ನು ಮೊದಲು ಎತ್ತಿದಾಗ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಿರಿಯರೊಬ್ಬರು, "ಅಕ್ಕೋರ, ಇದನ್ನ ಡಾಕ್ಟರ ಮುಂದ ಹೆಂಗ ಹೇಳೂದ್ರೀ? ಗಂಡಸ ಡಾಕ್ಟರ ಇರ್ತಾರ, ಮಗಾನೂ ಬಾಜೂಕ ನಿಂತಿರ್ತಾನ" ಎಂದರು. ಅವರ ಸಂಕೋಚ ಸುಳ್ಳಲ್ಲ. ಬಯಲಿಗೆ ಹೋಗುವ ಕಾಲದಲ್ಲಿ ನಸುಕಿನ ಕತ್ತಲೆಗಾಗಿ ಕಾದು ಬದುಕಿದ ಹೆಂಗಸರು ಅವರು. ಮಲದ ವಿಷಯವನ್ನು ಮನೆಯ ಗಂಡಸರ ಎದುರು ಎತ್ತಬಾರದು ಎಂಬುದನ್ನು ಅವರು ಮಾತು ಕಲಿಯುವಾಗಲೇ ಕಲಿತಿದ್ದಾರೆ. ಗಂಡಸರೂ ಹಿಂದೆ ಬಿದ್ದಿಲ್ಲ: ಸಕ್ಕರೆ ಕಾಯಿಲೆಯ ಅಂಕಿಗಳನ್ನು ಚಹಾದಂಗಡಿಯಲ್ಲಿ ಗಟ್ಟಿಯಾಗಿ ಹೇಳುವವರು ಇದನ್ನು ಹೆಂಡತಿಗೂ ಹೇಳುವುದಿಲ್ಲ. ಆ ಹಿರಿಯರಿಗೆ ನಾನು ಕೊಟ್ಟ ಸಲಹೆ ಎಲ್ಲರಿಗೂ ಅನ್ವಯಿಸುತ್ತದೆ: ಮೊದಲು ಆಶಾ ಕಾರ್ಯಕರ್ತೆಗೆ ಹೇಳಿರಿ, ಮಗನನ್ನು ಹೊರಗೆ ಕೂಡ್ರಿಸಿ ಮಗಳನ್ನೋ ಸೊಸೆಯನ್ನೋ ಒಳಗೆ ಕರೆದೊಯ್ಯಿರಿ, ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿರಿ. ವೈದ್ಯರು ಬೆರಳಿನಿಂದ ಗುದದ್ವಾರದ ಪರೀಕ್ಷೆ ಮಾಡಬೇಕೆಂದರೆ ಬೇಡವೆನ್ನಬೇಡಿರಿ. ಒಂದು ನಿಮಿಷವೂ ಹಿಡಿಯದ ಆ ಪರೀಕ್ಷೆಯಿಂದ ಗುದನಾಳದ ಕೆಳಭಾಗದ ಗೆಡ್ಡೆಗಳು ಅನೇಕ ಸಲ ಅಲ್ಲಿಯೇ ಕೈಗೆ ಸಿಗುತ್ತವೆ.

ರಕ್ತ ಕಣ್ಣಿಗೆ ಕಾಣಲೇಬೇಕೆಂದಿಲ್ಲ ಎಂಬುದನ್ನು ನಾನು ನನ್ನ ಅತ್ತಿಗೆಯ ಕಾಯಿಲೆಯಿಂದ ತಿಳಿದೆ. ಅವರಿಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ತೇಕು, ಮುಖ ಬಿಳಿಚಿದಂತೆ, ಕೆಲಸದಲ್ಲಿ ಉತ್ಸಾಹವಿಲ್ಲ. ತೋರಿಸಿದ ಕಡೆಯಲ್ಲೆಲ್ಲ ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು, ಒಮ್ಮೆ ಸಲೈನ್ ಹಚ್ಚಿ ಕಳಿಸಿದರು. ಆ ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಿದವರಿಲ್ಲ. ಕೊನೆಗೆ ಹೊಟ್ಟೆಯ ಬಲಭಾಗದಲ್ಲಿ ಗಂಟು ಕೈಗೆ ಹತ್ತಿದ ಮೇಲೆ ಬೆಳಗಾವಿಗೆ ಕರೆದೊಯ್ದೆವು, ಆ ಹೊತ್ತಿಗೆ ಅದು ಕರುಳಿನ ಗೋಡೆ ದಾಟಿತ್ತು. ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಎರಡನ್ನೂ ಮುಗಿಸಿ ಅವರು ಈಗ ನಮ್ಮೊಂದಿಗೆ ಇದ್ದಾರೆ; ಆದರೆ ಅನುಭವಿಸಿದ ಸಂಕಟದಲ್ಲಿ ಬಹುಭಾಗ ಬೇಕಿರಲಿಲ್ಲ. ಕರುಳಿನ ಬಲಭಾಗದ ಗೆಡ್ಡೆಗಳು ಹೀಗೆಯೇ ಕಾಣದಂತೆ ರಕ್ತ ಸೋರಿ, ರಕ್ತಹೀನತೆಯ ವೇಷದಲ್ಲಿ ಬರುತ್ತವೆಂದು ವೈದ್ಯರು ಆಮೇಲೆ ವಿವರಿಸಿದರು. ಆದ್ದರಿಂದ ಗಂಡಸರಲ್ಲಿ ಯಾವ ವಯಸ್ಸಿನಲ್ಲಾಗಲಿ, ಹೆಂಗಸರಲ್ಲಿ ಮುಟ್ಟು ನಿಂತ ಮೇಲಾಗಲಿ, ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾದರೆ ಗುಳಿಗೆ ತೆಗೆದುಕೊಳ್ಳುವುದರ ಜೊತೆಗೆ ಕಾರಣವನ್ನೂ ಪತ್ತೆ ಮಾಡಿಸಬೇಕು. ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿರುವುದು, ಹೋಗಿ ಬಂದರೂ ಹೊಟ್ಟೆ ಖಾಲಿಯಾಗಲಿಲ್ಲ ಎನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕೂಡ ವೈದ್ಯರಿಗೆ ಹೇಳಬೇಕಾದ ಲಕ್ಷಣಗಳೇ.

ಯಾವ ಲಕ್ಷಣವೂ ಇಲ್ಲದವರು ಮಾಡಿಸಿಕೊಳ್ಳುವ ಮಲ ಪರೀಕ್ಷೆಯಲ್ಲಿ ಎರಡು ಬಗೆಗಳಿವೆ. ಹಳೆಯ ಬಗೆಯದು ಆಹಾರದಲ್ಲಿನ ಮಾಂಸದ ರಕ್ತಕ್ಕೂ ಸ್ಪಂದಿಸಬಹುದಾದ್ದರಿಂದ ಅದಕ್ಕೆ ಪಥ್ಯ ಬೇಕಾಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಫಿಟ್ ಪರೀಕ್ಷೆ ಮನುಷ್ಯರ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುತ್ತದೆ, ಪಥ್ಯದ ಅಗತ್ಯವಿಲ್ಲ, ಸಾಮಾನ್ಯವಾಗಿ ಒಂದೇ ಮಾದರಿ ಸಾಕಾಗುತ್ತದೆ. ನಮ್ಮ ಮನೆಗಳ ಕುಕ್ಕರಗಾಲಿನ ಪಾಯಖಾನೆಯಲ್ಲಿ ಮಾದರಿ ತೆಗೆಯುವ ಬಗೆಯನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಮಲ ನೀರಿಗೆ ಬೀಳಬಾರದು. ಒಣಗಿದ ಪಾತ್ರೆಯನ್ನೋ ದಪ್ಪ ಕಾಗದವನ್ನೋ ಹಿಡಿದು, ಲ್ಯಾಬಿನವರು ಕೊಟ್ಟ ಕಡ್ಡಿಯಿಂದ ಮೂರುನಾಲ್ಕು ಕಡೆ ಕೆರೆದು, ಕಡ್ಡಿಯನ್ನು ಕೊಳವೆಯೊಳಗೆ ಸೇರಿಸಿ ಮುಚ್ಚಬೇಕು. ಮುಟ್ಟಿನ ದಿನಗಳಲ್ಲಿ ಮಾದರಿ ತೆಗೆಯಬಾರದು. ಇನ್ನೊಂದು ಮುಖ್ಯ ಸಂಗತಿ ನಮ್ಮ ಬಿಸಿಲಿಗೆ ಸಂಬಂಧಿಸಿದ್ದು: ಹಿಮೋಗ್ಲೋಬಿನ್ ಶಾಖಕ್ಕೆ ಕೆಡುತ್ತದೆ, ಕೆಟ್ಟರೆ ಇರುವ ರಕ್ತವೂ ಇಲ್ಲವೆಂದು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿ ಆ ಕೊಳವೆಯನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟು ಸಂತೆಗೆ ಹೋಗುವಂತಿಲ್ಲ. ಬೆಳಿಗ್ಗೆಯೇ ನೇರವಾಗಿ ಲ್ಯಾಬಿಗೆ ಮುಟ್ಟಿಸಬೇಕು.

ರಕ್ತ ಇಲ್ಲವೆಂದು ಬಂದರೂ ಪರೀಕ್ಷೆಯನ್ನು ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ಏಕೆಂದರೆ ಗಂಟುಗಳು ದಿನವೂ ರಕ್ತ ಸೋರುವುದಿಲ್ಲ. ರಕ್ತ ಇದೆ ಎಂದು ಬಂದರೆ ಅದು ಕ್ಯಾನ್ಸರ್ ಎಂಬ ತೀರ್ಪಲ್ಲ, ಹಾಗೆ ಬಂದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಮುಂದಿನ ಹೆಜ್ಜೆಯಾದ ಕೊಲೊನೋಸ್ಕೋಪಿಯನ್ನು ತಪ್ಪಿಸುವಂತಿಲ್ಲ. ಅದರಲ್ಲಿ ಕ್ಯಾಮೆರಾ ಇರುವ ಮಣಿಯುವ ನಳಿಕೆಯನ್ನು ಗುದದ್ವಾರದಿಂದ ಸೇರಿಸಿ ದೊಡ್ಡ ಕರುಳನ್ನು ಪೂರ್ತಿ ನೋಡುತ್ತಾರೆ, ಸಾಮಾನ್ಯವಾಗಿ ಮಂಪರಿನ ಔಷಧ ಕೊಟ್ಟಿರುತ್ತಾರೆ, ಪಾಲಿಪ್ ಕಂಡರೆ ಹೆಚ್ಚಿನ ಸಲ ಅಲ್ಲಿಯೇ ತೆಗೆಯುತ್ತಾರೆ. ರಕ್ತಸ್ರಾವ ಅಥವಾ ಕರುಳಿಗೆ ರಂಧ್ರವಾಗುವ ಅಪಾಯ ಬಹಳ ವಿರಳ, ಆದರೂ ಅದನ್ನು ವೈದ್ಯರ ಬಾಯಿಂದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ನಮ್ಮ ಜನಕ್ಕೆ ಕಷ್ಟವಾಗುವುದು ಪರೀಕ್ಷೆಯಲ್ಲ, ಅದರ ಹಿಂದಿನ ದಿನ. ಗಟ್ಟಿ ಊಟ ಬಿಟ್ಟು, ಕರುಳು ತೊಳೆಯುವ ಔಷಧಿಯನ್ನು ಲೀಟರುಗಟ್ಟಲೆ ನೀರಿನೊಂದಿಗೆ ಕುಡಿದು, ಮತ್ತೆ ಮತ್ತೆ ಪಾಯಖಾನೆಗೆ ಓಡಬೇಕಾಗುತ್ತದೆ. ನಾಲ್ಕು ಮನೆಗೆ ಒಂದೇ ಪಾಯಖಾನೆ ಇರುವ ವಠಾರದಲ್ಲಿ, ಮೊಣಕಾಲು ನೋವಿನ ಮುದುಕಿಗೆ ಅದು ಎಂಥ ಪರಿಪಾಟಲೆಂದು ಆಸ್ಪತ್ರೆಯ ಛಾಪಿಸಿದ ಚೀಟಿಯಲ್ಲಿ ಬರೆದಿರುವುದಿಲ್ಲ. ಅಂಥವರು ಹಿಂದಿನ ದಿನ ಒಳಗೇ ಪಾಯಖಾನೆ ಇರುವ ಬೀಗರ ಅಥವಾ ಮಗಳ ಮನೆಯಲ್ಲಿ ಉಳಿಯಲಿ, ಅಥವಾ ಒಳರೋಗಿಯಾಗಿ ಸೇರಿಸಿಕೊಳ್ಳಲು ಸಾಧ್ಯವೇ ಎಂದು ವೈದ್ಯರನ್ನು ಕೇಳಲಿ. ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಿಸಲು, ಕಬ್ಬಿಣದ ಕೊರತೆಗೆ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮುಂಚಿತವಾಗಿಯೇ ತಿಳಿಸಬೇಕು. ಎರಡು ದಿನದ ಮಜೂರಿ ಹೋಗುತ್ತದೆ ಎಂಬುದೂ ಸಣ್ಣ ಮಾತಲ್ಲ, ಸೀರೆಯ ಲೆಕ್ಕದಲ್ಲಿ ದುಡಿಯುವವರಿಗೆ ಮಗ್ಗ ನಿಂತರೆ ಒಲೆಯೂ ನಿಲ್ಲುತ್ತದೆ. ಅದಕ್ಕಾಗಿಯೇ ನಮ್ಮ ಸಂಘದಿಂದ ಇಂಥ ಪರೀಕ್ಷೆಗೆ ಹೋಗುವವರಿಗೆ ಬಡ್ಡಿಯಿಲ್ಲದ ಕೈಸಾಲ ಕೊಡಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ.

"ಜ್ವಾಳದ ರೊಟ್ಟಿ ತಿನ್ನಾವ್ರಿಗೆ ಅದೆಲ್ಲ ಬರೂದಿಲ್ರೀ" ಎಂಬ ಮಾತನ್ನೂ ಕೇಳಿದ್ದೇನೆ. ನಾರಿನಂಶ ಹೆಚ್ಚಿರುವ ಧಾನ್ಯ, ಕಾಳು, ಸೊಪ್ಪಿನ ಊಟ ಅಪಾಯವನ್ನು ತಗ್ಗಿಸುತ್ತದೆ, ಮದ್ಯ, ಬೀಡಿ-ಸಿಗರೇಟು ಮತ್ತು ಬೊಜ್ಜು ಅದನ್ನು ಹೆಚ್ಚಿಸುತ್ತವೆ ಎಂಬುದು ನಿಜ. ಆದರೆ ನನ್ನ ಅತ್ತಿಗೆ ಬದುಕಿನುದ್ದಕ್ಕೂ ರೊಟ್ಟಿಯನ್ನೇ ತಿಂದವರು.

ಮನೆತನದ ವಿಷಯವನ್ನು ಮುಚ್ಚಿಡುವುದು ಇನ್ನೂ ದೊಡ್ಡ ತೊಡಕು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ; ಲಿಂಚ್ ಸಿಂಡ್ರೋಮ್‌ನಂಥ ಆನುವಂಶಿಕ ದೋಷವಿದ್ದರೆ ಇನ್ನೂ ಹೆಚ್ಚು. ಅಂಥವರು 40ನೇ ವಯಸ್ಸಿನಲ್ಲಿ, ಅಥವಾ ಮನೆಯವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಬೇಗವೋ ಆಗ ತಪಾಸಣೆ ಆರಂಭಿಸಬೇಕೆಂದು ವೈದ್ಯರು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಅಪ್ಪನಿಗೆ 46ಕ್ಕೆ ಬಂದಿದ್ದರೆ ಮಗ 36ಕ್ಕೆ ತೋರಿಸಿಕೊಳ್ಳಬೇಕು. ಆದರೆ ಅಪ್ಪ ಯಾವುದರಿಂದ ಹೋದನೆಂದು ಮಗನಿಗೆ ಯಾರು ಹೇಳಿದ್ದಾರೆ? ಹೊಟ್ಟೆಬ್ಯಾನಿಯಿಂದ ಹೋದರು ಎಂದಷ್ಟೇ ಹೇಳಿ ಬಿಡುತ್ತಾರೆ, ಕ್ಯಾನ್ಸರ್ ಎಂದರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಹೆದರಿಕೆ. ಬೀಗರಿಗೆ ಹೇಳುವುದು ಬಿಡುವುದು ಅವರವರ ಇಷ್ಟ. ಸ್ವಂತ ಮಕ್ಕಳಿಗೆ ಹೇಳದಿರುವುದನ್ನು ಮಾತ್ರ ನಾನು ಒಪ್ಪಲಾರೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯವರೆಗೆ ಹೋಗಬೇಕಾದ ಪ್ರಮೇಯ ಎಲ್ಲರಿಗೂ ಬರುವುದಿಲ್ಲ. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕೇ ಎಂದು ಅಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿಕೊಳ್ಳಬೇಕು.

ಬರುವ ಅಮಾವಾಸ್ಯೆಗೆ ನಮ್ಮ ಓಣಿಯ ಮಗ್ಗಗಳು ನಿಲ್ಲುವುದರಿಂದ ಅಂದು ಸಂಜೆ ಸಂಘದ ಕಟ್ಟಡದಲ್ಲಿ ಸೇರಲು ನಿಶ್ಚಯಿಸಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದು ಮಾತನಾಡಲು ಒಪ್ಪಿದ್ದಾರೆ, ಹೆಂಗಸರೊಂದಿಗೆ ಬೇರೆಯಾಗಿ ಕೂತು ಮಾತನಾಡಲು ನರ್ಸ್ ಬಾಯಾರೂ ಬರುತ್ತಾರೆ. ಐವತ್ತು ದಾಟಿದವರು ತಾವು ದಿನವೂ ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯನ್ನು ತರಬೇಕು. ಉಳಿದವರು ಮನೆಯ ಹಿರಿಯರ ಹತ್ತಿರ ಕೂತು, ಅಜ್ಜ-ಅಜ್ಜಿ, ದೊಡ್ಡಪ್ಪ-ಚಿಕ್ಕಪ್ಪ, ಸೋದರಮಾವ, ಅತ್ತೆ ಇವರಲ್ಲಿ ಯಾರು ಯಾವ ಕಾಯಿಲೆಯಿಂದ ಎಷ್ಟನೆಯ ವಯಸ್ಸಿನಲ್ಲಿ ತೀರಿಕೊಂಡರು ಎಂಬುದನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು ಬರಬೇಕು; ಆ ಹಾಳೆಯನ್ನು ವೈದ್ಯರಿಗೆ ತೋರಿಸಿದರೆ ಸಾಕು, ಸಭೆಯಲ್ಲಿ ಓದಬೇಕಾಗಿಲ್ಲ.