ನರ್ಸ್‌ಗೆ ಎಂಬಿಎ ಏಕೆ ಎಂದು ಕೇಳಿದ ರಾಯಚೂರಿನವರಿಗೆ

ರಾಯಚೂರಿನಲ್ಲಿ ನರ್ಸಿಂಗ್ ಕಲಿತು, ಸೌದಿಯಲ್ಲಿ ದುಡಿದು, ಈಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿರುವ ನಾನು ಎಂಬಿಎಗೆ ಸೇರಿದ ಸುದ್ದಿ ಕೇಳಿ ಮಾನ್ವಿಯ ಸೋದರಮಾವ ಫೋನ್ ಮಾಡಿದ್ದರು. "ರೋಗಿಗಳ ಸೇವೆ ಬಿಟ್ಟು ಅಂಗಡಿ ಲೆಕ್ಕ ಯಾಕಮ್ಮ?" ಎಂದರು. ಸೇವೆ ಬಿಟ್ಟಿಲ್ಲ ಮಾವ, ರಾತ್ರಿ ಪಾಳಿ ಮಾಡಿಕೊಂಡೇ ಓದುತ್ತಿದ್ದೇನೆ. ಆ ಲೆಕ್ಕ ರೋಗಿಗಳಿಗೇ ಬೇಕಾಗಿದೆ.

ಎಂಬಿಎ ತರಗತಿಯಲ್ಲಿ ಒಂದು ಸರಳ ಸೂತ್ರ ಹೇಳಿಕೊಟ್ಟರು. ಅದನ್ನು 1961ರಲ್ಲಿ ಸಾಧಿಸಿ ತೋರಿಸಿದವರು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್. ತುರ್ತು ವಿಭಾಗಕ್ಕೆ ಗಂಟೆಗೆ ಸರಾಸರಿ 6 ರೋಗಿಗಳು ಬಂದು, ಒಬ್ಬೊಬ್ಬರು 4 ಗಂಟೆ ಇದ್ದರೆ, ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು 24 ಜನ ಅಲ್ಲಿರುತ್ತಾರೆ. ಅದೇ 5 ಗಂಟೆಯಾದರೆ 30 ಜನ. ಹೊಸದಾಗಿ ಒಬ್ಬರೂ ಹೆಚ್ಚು ಬಂದಿಲ್ಲ, ಆದರೂ ಇನ್ನೂ ಆರು ಹಾಸಿಗೆ ಬೇಕು! ತರಗತಿಯಲ್ಲಿದ್ದ ಬ್ಯಾಂಕಿನವರು, ಕಾರ್ಖಾನೆಯವರು ಸೂತ್ರವನ್ನು ಬರೆದುಕೊಂಡರು. ನನಗೆ ಮಾತ್ರ ಆ ಒಂದು ಗಂಟೆ ಎಲ್ಲಿಂದ ಬರುತ್ತದೆ ಎಂಬುದು ಕಣ್ಣಿಗೆ ಕಟ್ಟಿತು.

ಬೆಳಗಿನ ಸುತ್ತಿನಲ್ಲಿ ವೈದ್ಯರು ವಾರ್ಡಿನ ಒಬ್ಬ ಅಜ್ಜಿಗೆ "ಮನೆಗೆ ಹೋಗಬಹುದು" ಎಂದಿರುತ್ತಾರೆ. ಮನೆಗೆ ಒಯ್ಯಬೇಕಾದ ಮಾತ್ರೆಗಳು ಔಷಧ ವಿಭಾಗದಿಂದ ಬರುವಾಗ ಮಧ್ಯಾಹ್ನ ಮೂರು. ಅಲ್ಲಿಯವರೆಗೆ ಅಜ್ಜಿ ಕೋಟು ತೊಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಾರೆ. ಆ ಹಾಸಿಗೆಗೆ ಬರಬೇಕಾದವರು ಕೆಳಗೆ ತುರ್ತು ವಿಭಾಗದಲ್ಲಿ ಸ್ಟ್ರೆಚರ್ ಮೇಲೆ ನರಳುತ್ತಿರುತ್ತಾರೆ. ರಾಯಚೂರಿನ ವಾರ್ಡಿನಲ್ಲೂ ನಾನು ಇದನ್ನೇ ಕಂಡಿದ್ದೆ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳುವಷ್ಟರಲ್ಲಿ ದೇವದುರ್ಗದ ಕೊನೆಯ ಬಸ್ ಹೋಗಿರುತ್ತಿತ್ತು. ಇಡೀ ಕುಟುಂಬ ಇನ್ನೊಂದು ರಾತ್ರಿ ವರಾಂಡದಲ್ಲಿ ಕಳೆಯುತ್ತಿತ್ತು. ಇದು ಗೊತ್ತಿಲ್ಲದ ನರ್ಸ್ ಯಾರಿದ್ದಾರೆ? ಆದರೆ ನಾವು ಅದನ್ನು ನಮ್ಮನಮ್ಮಲ್ಲೇ ಹೇಳಿಕೊಂಡು ಸುಮ್ಮನಾಗುತ್ತೇವೆ. ಹಣ, ಸಿಬ್ಬಂದಿ, ಹಾಸಿಗೆ ತೀರ್ಮಾನವಾಗುವ ಸಭೆಯಲ್ಲಿ ಅಂಕಿಗಳನ್ನು ಮುಂದಿಟ್ಟು ಹೇಳುವ ನರ್ಸ್‌ಗಳು ಬೇಕು.

ನಮ್ಮ ಕಾಲೇಜುಗಳಲ್ಲಿ ಪ್ರತಿಜ್ಞಾವಿಧಿಯ ದಿನ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ದೀಪ ಹಚ್ಚುತ್ತೇವೆ. ಕ್ರಿಮಿಯಾ ಯುದ್ಧದ ಸೈನಿಕರಲ್ಲಿ ಗಾಯಗಳಿಗಿಂತ ರೋಗಗಳಿಂದ ಸತ್ತವರೇ ಹೆಚ್ಚು ಎಂದು ಆಕೆ 1858ರಲ್ಲಿ ಅಂಕಿಅಂಶಗಳ ಚಿತ್ರ ಬರೆದು ಅಧಿಕಾರಸ್ಥರ ಮುಂದಿಟ್ಟದ್ದನ್ನು ನನಗೆ ಯಾರೂ ಹೇಳಿರಲಿಲ್ಲ. ದೀಪದಷ್ಟೇ ಆ ಚಿತ್ರವೂ ನಮ್ಮ ವೃತ್ತಿಯ ಆಸ್ತಿ.

ಈ ದಾರಿ ಹಿಡಿಯುವ ತಂಗಿಯರಿಗೆ ಒಂದೆರಡು ಮಾತು. ಇಲ್ಲಿ ಇಂಗ್ಲೆಂಡಿನಲ್ಲಿ ಪೂರ್ಣಾವಧಿ ಎಂಬಿಎ ಸಾಮಾನ್ಯವಾಗಿ ಒಂದು ವರ್ಷದ್ದು. ಪದವಿಯ ಜೊತೆಗೆ ಕೆಲವು ವರ್ಷಗಳ ಕೆಲಸದ ಅನುಭವ ಕೇಳುತ್ತಾರೆ. ಪದವಿಯಲ್ಲದೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಆದವರು ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸಿಕೊಳ್ಳುವುದು ಲೇಸು. ಅನುಭವ ಪತ್ರದಲ್ಲಿ ಬರೀ "ಸ್ಟಾಫ್ ನರ್ಸ್" ಎಂದು ಬರೆಸಿಕೊಂಡು ಬರಬೇಡಿ. ಪಾಳಿಯ ಇನ್‌ಚಾರ್ಜ್ ಆಗಿದ್ದದ್ದು, ಡ್ಯೂಟಿ ಪಟ್ಟಿ ಹಾಕಿದ್ದು, ಔಷಧ ದಾಸ್ತಾನು ನೋಡಿಕೊಂಡದ್ದು, ಎಲ್ಲವನ್ನೂ ಬರೆಸಿಕೊಳ್ಳಿ. ನನ್ನ ಪ್ರವೇಶ ಸಂದರ್ಶನದಲ್ಲಿ ಅವರು ಬಹುಹೊತ್ತು ಕೇಳಿದ್ದು ಅದನ್ನೇ: ಸೌದಿಯಲ್ಲಿ ಕೇರಳ, ಫಿಲಿಪೀನ್ಸ್, ಈಜಿಪ್ಟಿನ ನರ್ಸ್‌ಗಳನ್ನು ಒಂದೇ ಪಾಳಿಯಲ್ಲಿ ಹೇಗೆ ಹೊಂದಿಸುತ್ತಿದ್ದಿರಿ ಎಂದು.