ದಂಡ ಕಟ್ಟಿದ್ದರೂ ವಾರಂಟ್ ಉಳಿದಿತ್ತು

2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕರ್ನಾಟಕದಲ್ಲಿ ಹಳೆಯ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಇತ್ತಲ್ಲ, ಅದು ಮುಗಿದ ಮೇಲೆ ಗೂಡ್ಸ್ ಆಟೊ ಓಡಿಸುವವರೊಬ್ಬರು ನನ್ನ ವಕೀಲಿ ಆಫೀಸಿಗೆ ಬಂದರು. ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಎಲ್ಲದಕ್ಕೂ ರಸೀದಿ ಇಟ್ಟುಕೊಂಡಿದ್ದರು. "ಎಲ್ಲಾ ಕ್ಲಿಯರ್ ಮಾಡಿದೀನಿ ಸಾರ್, ಆದ್ರೂ ಠಾಣೆಯವ್ರು ಮನೆ ಹತ್ರ ಬಂದು ಕೇಳ್ಕೊಂಡು ಹೋಗಿದಾರೆ" ಎಂದರು.

ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ, ಅಂದರೆ ಕುಡಿದು ಗಾಡಿ ಓಡಿಸಿದ ಆರೋಪದ, ಹಳೆಯ ಸಿಸಿ (ಕ್ರಿಮಿನಲ್ ಕೇಸ್) ಒಂದು ಸಿಕ್ಕಿತು. ಸಮನ್ಸ್, ಬಿಡಬ್ಲ್ಯು (ಜಾಮೀನು ಸಿಗುವ ವಾರಂಟ್), ಆಮೇಲೆ ಪ್ರತಿ ವಾಯಿದೆಗೂ ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್). ರಿಯಾಯಿತಿ ಇದ್ದದ್ದು ಪೊಲೀಸರ ಬಳಿ ಬಾಕಿಯಿದ್ದ ಇ-ಚಲನ್‌ಗೆ. ಕೋರ್ಟಿನಲ್ಲಿ ನಂಬರ್ ಬಿದ್ದ ಕೇಸಿಗೂ ಅದಕ್ಕೂ ಸಂಬಂಧವಿಲ್ಲ. ದಂಡ ಕಟ್ಟಲು ಬಂದವರಿಗೆ ಅಲ್ಲೇ "ಕೋರ್ಟ್ ಕೇಸೂ ಇದೆಯಾ, ನೋಡಿಕೊಳ್ಳಿ" ಎಂದು ಒಂದು ಮಾತು ಹೇಳುವ ವ್ಯವಸ್ಥೆ ಇರಬೇಕಿತ್ತು. ರಸೀದಿ ಕೈಗೆ ಬಂದ ಮೇಲೆ ಯಾರಾದರೂ ಎಲ್ಲ ಮುಗಿಯಿತು ಅಂತಲೇ ಅಂದುಕೊಳ್ಳುತ್ತಾರೆ.

"ಇಷ್ಟು ವರ್ಷ ಆಯ್ತಲ್ಲ ಸಾರ್, ತಾನಾಗೇ ಬಿದ್ದು ಹೋಗಿರಲ್ವಾ?" ಈ ಪ್ರಶ್ನೆ ನನಗೆ ಹೊಸದೇನಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 70(2) ಇರಲಿ, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 72(2) ಇರಲಿ, ಮಾತು ಒಂದೇ: ಹೊರಡಿಸಿದ ಕೋರ್ಟು ರದ್ದು ಮಾಡಬೇಕು, ಇಲ್ಲವೇ ಜಾರಿಯಾಗಬೇಕು. ಅಲ್ಲಿಯವರೆಗೆ ವಾರಂಟ್ ಜೀವಂತ.

ಮುಂದಿನ ವಾಯಿದೆ ದೂರವಿತ್ತು. ಕೇಸನ್ನು ಅದಕ್ಕೂ ಮೊದಲೇ ತೆಗೆದುಕೊಳ್ಳಿ ಎನ್ನುವ ಅಡ್ವಾನ್ಸ್‌ಮೆಂಟ್ ಅರ್ಜಿ, ವಾರಂಟ್ ವಾಪಸ್ ಪಡೆಯಿರಿ ಎನ್ನುವ ರೀಕಾಲ್ ಅರ್ಜಿ, ವಕಾಲತ್ತು ಸಿದ್ಧ ಮಾಡಿದೆ. ಜೊತೆಯ ವಕೀಲರೊಬ್ಬರು "ಒಂದು ಮೆಡಿಕಲ್ ಸರ್ಟಿಫಿಕೇಟ್ ಹಾಕಿಬಿಡಿ, ಬೇಗ ಆಗುತ್ತೆ" ಎಂದರು. ಕೋರ್ಟ್ ಆವರಣದಲ್ಲಿ ದಿನಾ ಕೇಳಿಬರುವ ಈ ಸಲಹೆ ನನಗೆ ಸಿಟ್ಟು ತರಿಸುತ್ತದೆ. ಇಲ್ಲದ ಕಾಯಿಲೆ ಬರೆಸಿ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿದರೆ, ದಂಡದಲ್ಲಿ ಮುಗಿಯಬೇಕಾದ ಕೇಸಿಗೆ ಇನ್ನೊಂದು ತಪ್ಪು ಗಂಟು ಬೀಳುತ್ತದೆ.

ಕೋರ್ಟಿಗೆ ಹೋದ ದಿನ ಬೆಳಗ್ಗೆ ಫೈಲ್ ಬೆಂಚ್ ಮೇಲೆ ಬರಲೇ ಇಲ್ಲ, ರ‍್ಯಾಕ್‌ನಲ್ಲಿ ಹುಡುಕುತ್ತಿದ್ದರು. ಮಧ್ಯಾಹ್ನದ ನಂತರ ನಮ್ಮ ಕೇಸ್ ಕೂಗಿದರು. ಅಷ್ಟೂ ಹೊತ್ತು ನಮ್ಮ ಕಕ್ಷಿದಾರರ ಕಣ್ಣು ಬಾಗಿಲ ಬಳಿ ನಿಂತ ಕೋರ್ಟ್ ಡ್ಯೂಟಿ ಪೊಲೀಸ್ ಪೇದೆ ಮೇಲೇ ಇತ್ತು. ಒಂದು ಹಂತದಲ್ಲಿ "ಹೊರಗೆ ಹೋಗಿ ಬರ್ತೀನಿ ಸಾರ್" ಅಂತ ಎದ್ದರು. ಹೋದರೆ ತಿರುಗಿ ಬರುವುದಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು. ಪಕ್ಕದಲ್ಲೇ ಕೂರಿಸಿಕೊಂಡೆ.

ನ್ಯಾಯಾಧೀಶೆ ಮೇಡಂ ಆರ್ಡರ್ ಶೀಟ್ ಒಂದೊಂದೇ ಹಾಳೆ ತಿರುವಿದರು. ಸರ್ಕಾರದ ಪರ ವಕೀಲರಾದ ಎಪಿಪಿ ತಕರಾರು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಯಾಕೆ ಬರಲಿಲ್ಲ? ಅವರೇ ಹೇಳಲಿ" ಎಂದರು ಮೇಡಂ.

"ಬಂದ್ರೆ ಒಳಗೆ ಹಾಕ್ತಾರೆ ಅಂತ ಹೆದರ್ಕೊಂಡೆ ಮೇಡಂ. ಆಮೇಲೆ ತಡ ಆದಷ್ಟೂ ಇನ್ನೂ ಹೆದರಿಕೆ ಆಯ್ತು."

ನ್ಯಾಯಾಲಯ ಸುಮ್ಮನಿತ್ತು. ಹಾಗೇ ಕಸ್ಟಡಿಗೆ ತೆಗೆದುಕೊಳ್ಳಿ ಎನ್ನುವ ಅಧಿಕಾರ ಅವರಿಗಿತ್ತು, ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. "ಪೊಲೀಸರು ಕರೆತಂದದ್ದಾ?" ಎಂದು ಕೇಳಿದರು. "ಇಲ್ಲ, ತಾವಾಗಿ ಹಾಜರಾಗಿದ್ದಾರೆ" ಎಂದೆ. ಖರ್ಚು ಕಟ್ಟಿ ಎಂದು ಕಾಸ್ಟ್ ಹಾಕಿ ವಾರಂಟ್ ರೀಕಾಲ್ ಮಾಡಿದರು.

ತಪ್ಪೊಪ್ಪಿಗೆ ವಿಚಾರವನ್ನು ಮೊದಲೇ ಕೂತು ಮಾತಾಡಿದ್ದೆವು. 2019ರ ಸೆಪ್ಟೆಂಬರ್ 1ರ ತಿದ್ದುಪಡಿಯ ನಂತರ ಮೊದಲ ಸಲದ 185ಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಲೈಸೆನ್ಸ್ ಮೇಲೂ ಕ್ರಮ ಆಗಬಹುದು. ಗಾಡಿ ಓಡಿಸಿಯೇ ಬದುಕುವವರಿಗೆ ಇದನ್ನು ಹೇಳದೆ ತಪ್ಪೊಪ್ಪಿಸಬಾರದು. ಅವರು ಒಪ್ಪಿಕೊಂಡರು, ದಂಡ ಬಿತ್ತು, ಕಟ್ಟಿದರು.

ಇಲ್ಲಿಗೆ ಎಲ್ಲರೂ ಮನೆಗೆ ಹೋಗಿಬಿಡುತ್ತಾರೆ. ಆದರೆ ವಾರಂಟಿನ ಕಾಗದ ಠಾಣೆಯ ಯಾರದೋ ಕೈಚೀಲದಲ್ಲಿ ಇನ್ನೂ ಇರುತ್ತದೆ, ರೀಕಾಲ್ ಆದ ಸುದ್ದಿ ಅವರನ್ನು ತಲುಪಿರುವುದಿಲ್ಲ. ಅದಕ್ಕೇ ಆದೇಶದ ದೃಢೀಕೃತ ಪ್ರತಿ ತೆಗೆಸಿ, ಒಂದನ್ನು ಠಾಣೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಗಾಡಿಯಲ್ಲೇ ಇಟ್ಟುಕೊಳ್ಳಿ ಎಂದೆ.